ಅಂಟುವ ಬದಿ

ನನ್ನ ಹೆಂಡತಿಯ ಕೈಗೆ ನೋವಾಗಲಿ ಎಂದು ನಾನು ಯಾವತ್ತೂ ಅಂದುಕೊಂಡವನಲ್ಲ. ಆದರೆ ಆ ಕೈ ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ ತಪ್ಪಲಿ ಎಂದು ಬಯಸಿದ್ದೇನೆ. ಒಂದು ವರ್ಷ ದಿನಾ ಬಯಸಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಮಾಗಡಿ ರಸ್ತೆಯಲ್ಲಿ, ರಾಮನಗರ ಇನ್ನೇನು ಮುಗಿಯಿತು ಅನ್ನುವಲ್ಲಿ ನಮ್ಮ ಶೆಡ್ಡು. ಗಾಡಿಗಳ ಲೋಹದ ಭಾಗಗಳಿಗೆ ಕೇಳಿದ ವಿನ್ಯಾಸ ಹತ್ತಿಸಿಕೊಡುವುದು ನಮ್ಮ ಕಸುಬು. ಮರದ ಗೆರೆ, ಹುಲಿಪಟ್ಟೆ, ಹಾವಿನ ಚರ್ಮ, ಏನು ಬೇಕಾದರೂ. ಹೆಚ್ಚು ಬರುವುದು ಕಾರಿನ ಆಡಿಯೊ ಸಾಮಾನು: ಆಂಪ್ಲಿಫೈಯರಿನ ಮುಚ್ಚಳ, ಸ್ಪೀಕರಿನ ಸುತ್ತಲ ರಿಂಗು, ವೂಫರಿನ ಜಾಲರಿ. ನಮ್ಮ ಕಡೆಯ ಹುಡುಗರು ಒಂದು ಹೊತ್ತು ಊಟ ಬೇಕಾದರೆ ಬಿಟ್ಟಾರು, ಡಿಕ್ಕಿಯೊಳಗಿನ ವೂಫರು ಮಿಂಚದಿದ್ದರೆ ಬಿಡುವುದಿಲ್ಲ.

ಕೆಲಸ ನೋಡಲು ಸುಲಭ. ದೊಡ್ಡ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು. ವಿನ್ಯಾಸ ಅಚ್ಚಾದ ತೆಳ್ಳನೆಯ ಫಿಲ್ಮನ್ನು ಅದರ ಮೇಲೆ ತೇಲಿಬಿಡುತ್ತೇವೆ. ಅದು ನೆನೆದು ಮೆತ್ತಗಾದ ಮೇಲೆ ಒಂದು ಕೆಮಿಕಲ್ ಸಿಂಪಡಿಸಿದರೆ ಫಿಲ್ಮು ಕರಗಿ, ಬಣ್ಣ ಮಾತ್ರ ನೀರಿನ ಮೇಲೆ ಕೆನೆಯ ಹಾಗೆ ನಿಲ್ಲುತ್ತದೆ. ಆಗ ಲೋಹದ ಭಾಗವನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಮುಳುಗಿಸಬೇಕು. ಚಿತ್ರವನ್ನು ಸಂದುಗೊಂದಿಗೂ ಒತ್ತಿ ಅಂಟಿಸುವುದು ನೀರೇ. ಮುಳುಗಿಸುವ ಕೈ ಒಂದು ಚೂರು ಅವಸರ ಮಾಡಿದರೆ ಹುಲಿಪಟ್ಟೆ ಹೋಗಿ ಹಲ್ಲಿಪಟ್ಟೆಯಾಗುತ್ತದೆ.

ಫಿಲ್ಮಿಗೆ ಎರಡು ಬದಿ. ಎರಡೂ ನೋಡಲು ಹೆಚ್ಚುಕಮ್ಮಿ ಒಂದೇ. ಒದ್ದೆ ಬೆರಳಿಗೆ ಅಂಟುವ ಬದಿ ನೀರಿಗೆ, ಅಂಟದ ಬಣ್ಣದ ಬದಿ ಮೇಲಕ್ಕೆ. ಉಲ್ಟಾ ಹಾಸಿದರೆ ಬಣ್ಣವೆಲ್ಲ ನೀರುಪಾಲು, ಲೋಹದ ಮೇಲೆ ಬರೀ ಲೋಳೆ. ಈ ಕಸುಬಿನ ಮೊದಲ ದಿನದ ಪಾಠ ಇದು. ನನ್ನ ಹೆಂಡತಿ ಭಾನುಪ್ರಿಯಳಿಗೆ ಇದನ್ನು ಹೇಳಿಕೊಟ್ಟವನು ನಾನೇ.

ಅವಳು ಶೆಡ್ಡಿಗೆ ಬಂದದ್ದು ನನ್ನ ಭುಜ ಜಾರಿ ಎರಡು ತಿಂಗಳು ಕೈ ಎತ್ತಲಾಗದೆ ಕೂತಾಗ. "ನೀವು ಕೂತ್ಕಂಡು ಹೇಳಿ, ನಾನು ಮುಳುಗಿಸ್ತೀನಿ" ಎಂದಳು. ಹೇಳಿದೆ, ಮುಳುಗಿಸಿದಳು. ಭುಜ ಸರಿಹೋಯಿತು. ಆ ಕೆಲಸ ಮಾತ್ರ ನನ್ನ ಕೈಗೆ ತಿರುಗಿ ಬರಲಿಲ್ಲ.

ಕುದೂರಿನ ಹುಡುಗಿ ಅವಳು. ಮದುವೆಗೆ ಮುಂಚೆ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ನಾಲ್ಕು ವರ್ಷ ದುಡಿದವಳು. ಬಿಸಿನೀರಿನಲ್ಲಿ ಬೆಂದ ಗೂಡುಗಳ ನಡುವೆ ಕೈಯಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ತೆಗೆಯುವ ಕೆಲಸ. ನಾನು ಥರ್ಮಾಮೀಟರ್ ಇಳಿಬಿಟ್ಟು ನೀರಿನ ಬಿಸಿ ನೋಡುತ್ತಿದ್ದೆ. ಅವಳು ಹೆಬ್ಬೆರಳು ಅದ್ದಿ, "ಒಸಿ ತಣ್ಣಗೈತೆ, ಒಂದು ಚೊಂಬು ಬಿಸಿನೀರು ಉಯ್ರಿ" ಅನ್ನುತ್ತಿದ್ದಳು. ಆಮೇಲೆ ನಾನು ಕಳ್ಳನ ಹಾಗೆ ಥರ್ಮಾಮೀಟರ್ ನೋಡಿದರೆ ಬೇಕಾದಷ್ಟೇ, ಸರಿಯಾಗಿ ಮೂವತ್ತು ಡಿಗ್ರಿ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಮೊದಮೊದಲು ಹೆಮ್ಮೆ ಪಟ್ಟಿದ್ದೂ ನಿಜ. ಬಂದವರಿಗೆಲ್ಲ ಅವಳ ಕೆಲಸ ನಾನೇ ತೋರಿಸುತ್ತಿದ್ದೆ. ಆಮೇಲೆ ಗಿರಾಕಿಗಳು ಶೆಡ್ಡಿನ ಬಾಗಿಲಲ್ಲಿ ನಿಂತು, ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಅಕ್ಕ ಇಲ್ವಾ?" ಎಂದು ಕೇಳುವುದು ಶುರುವಾಯಿತು. ನಾನು ಇದ್ದೀನಲ್ಲ ಎಂದರೆ, "ಪರ್ವಾಗಿಲ್ಲ ಅಣ್ಣ, ನಾಳೆ ಬತ್ತೀವಿ" ಅನ್ನುವರು. ನಾಳೆ ಬಂದು ನನಗೂ ಒಂದು ನಮಸ್ಕಾರ ಹಾಕುವರು, ಬಾಗಿಲಲ್ಲಿರುವ ವಾಚ್‌ಮನ್ನಿಗೆ ಹಾಕುವ ಹಾಗೆ.

ಒಂದು ದಿನ ಅವಳು ತವರಿಗೆ ಹೋಗಿದ್ದಾಗ ಎರಡು ರಿಂಗು ತೆಗೆದುಕೊಂಡೆ. ಒಂದಕ್ಕೆ ಅವಳು ಹಿಂದಿನ ದಿನವೇ ಮರದ ಗೆರೆ ಹತ್ತಿಸಿದ್ದಳು. ಇನ್ನೊಂದನ್ನು ಅದೇ ಫಿಲ್ಮು, ಅದೇ ಬಿಸಿಯಲ್ಲಿ ನಾನು ಮುಳುಗಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಸೋಲೂರಿನ ಒಬ್ಬ ಗಿರಾಕಿಗೆ ತೋರಿಸಿ, ಯಾವುದು ಚೆನ್ನಾಗಿದೆ ಎಂದು ಕೇಳಿದೆ. ಆ ಪುಣ್ಯಾತ್ಮ ಯೋಚನೆ ಕೂಡ ಮಾಡಲಿಲ್ಲ. ಅವಳದನ್ನೇ ಎತ್ತಿಕೊಂಡು, "ಇನ್ನೊಂದಕ್ಕೆ ಯಾವಾಗ ಮಾಡ್ತೀರ?" ಎಂದ. ಮಾಡಿ ಮುಗಿಸಿದ ಕೆಲಸಕ್ಕೆ!

ಅಷ್ಟು ಹೊತ್ತಿಗೆ ಶೆಡ್ಡಿನಲ್ಲಿ ನನಗೆ ಉಳಿದದ್ದು ಮರಳುಕಾಗದ ತಿಕ್ಕುವುದು, ಬೇಸ್ ಬಣ್ಣ ಹೊಡೆಯುವುದು, ಕೊನೆಗೆ ಹೊಳಪು ಕೊಡುವುದು. ತೊಟ್ಟಿಯ ಹತ್ತಿರ ಉಳಿದದ್ದು ಒಂದೇ, ಫಿಲ್ಮು ಸಿದ್ಧ ಮಾಡುವುದು. ಬೆರಳು ಒದ್ದೆ ಮಾಡಿ ಬದಿ ನೋಡಿ, ಮೇಲಿನ ಬದಿಯ ಅಂಚಿಗೆ ಸುತ್ತ ಟೇಪು ಹಚ್ಚಿ ಇಡುತ್ತಿದ್ದೆ. ಟೇಪು ಇದ್ದ ಕಡೆ ಮೇಲೆ ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ನಾನು ಟೇಪು ಹಚ್ಚಿದ ಮೇಲೆ ಅವಳು ತಿರುಗಿ ನೋಡುತ್ತಿರಲಿಲ್ಲ.

ಸುಹೇಲ್ ಬಂದದ್ದು ಆಗ. ಕನಕಪುರದಲ್ಲಿ ಕಾರ್ ಆಡಿಯೊ ಅಂಗಡಿ ಇಟ್ಟಿರುವವನು, ನನಗೆ ಎಂಟು ವರ್ಷದ ಪರಿಚಯ. ಬೆಂಗಳೂರಿನ ಒಂದು ಕಾರ್ ಶೋಗೆ ತನ್ನ ಗಾಡಿಯನ್ನೇ ಸಿದ್ಧ ಮಾಡುತ್ತಿದ್ದ. ನಮ್ಮ ರಾಮನಗರದ ಬಂಡೆಗಳ ಮೇಲೆ ಮಳೆನೀರು ಇಳಿದು ಕಪ್ಪು ಗೆರೆ ಬಿದ್ದಿರುತ್ತವಲ್ಲ, ಅವುಗಳ ಫೋಟೊ ತೆಗೆದು, ದೂರದ ಯಾವುದೋ ಕಂಪನಿಗೆ ಕಳಿಸಿ, ಅದೇ ವಿನ್ಯಾಸದ ಫಿಲ್ಮು ಮಾಡಿಸಿ ತಂದಿದ್ದ. ಬಂದದ್ದು ಒಂದೇ ಹಾಳೆ. ಕೆಟ್ಟರೆ ಇನ್ನೊಂದು ಬರುವಷ್ಟರಲ್ಲಿ ಶೋ ಮುಗಿದಿರುತ್ತಿತ್ತು.

"ಅಣ್ಣ, ಬೇಸ್ ನೀನೇ ಹೊಡಿ. ಮುಳುಗ್ಸೋದು ಮಾತ್ರ ಅಕ್ಕ ಮಾಡ್ಲಿ. ಬ್ಯಾಸ್ರ ಮಾಡ್ಕಬ್ಯಾಡ" ಎಂದ.

"ಬ್ಯಾಸ್ರ ಏನ್ಲಾ, ಯಾರ್ ಮಾಡುದ್ರೂ ಮನೆ ಕೆಲ್ಸನೇ ಅಲ್ವಾ" ಎಂದು ನಕ್ಕೆ. ನಗು ದವಡೆಯಿಂದ ಆಚೆಗೆ ಹೋಗಲಿಲ್ಲ.

"ಗಾಡಿ ಪಕ್ಕ ಒಂದು ಬೋರ್ಡ್ ಇಡ್ತೀನಿ. ಈ ಫಿನಿಶಿಂಗ್ ಯಾರ್ ಕೈದು ಅಂತ ಎಸ್ರು ಬರಿಸ್ಬೇಕು."

ಎಂಟು ವರ್ಷದ ಪರಿಚಯ. ಶೆಡ್ಡು ನನ್ನದು. ನನ್ನ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮೊಬೈಲ್ ತೆಗೆದು ಭಾನುವಿನ ಕಡೆ ತಿರುಗಿ, "ಅಕ್ಕ, ನಿನ್ ಪೂರ್ತಿ ಎಸ್ರು ಭಾನುಪ್ರಿಯ ಅಂತ ಅಲ್ವಾ?" ಎಂದ. ಅವಳು ನಾಚಿಕೊಂಡು, "ಇವ್ರದ್ದೂ ಆಕಪ್ಪ" ಎಂದಳು. ಆ 'ಇವ್ರದ್ದೂ' ಎನ್ನುವ ಭಿಕ್ಷೆ ಇದೆಯಲ್ಲ, ಅದು ನನ್ನನ್ನು ಕೊಂದಿತು. ನನ್ನ ಶೆಡ್ಡಿನಲ್ಲಿ ನನ್ನ ಹೆಸರಿಗೆ ಅವಳು ಶಿಫಾರಸು ಮಾಡಬೇಕೆ?

ಮಾರನೆಯ ಬೆಳಿಗ್ಗೆ ಫಿಲ್ಮು ಬಿಡಿಸಿ ಮೇಜಿನ ಮೇಲೆ ಹಾಸಿದೆ. ಬೆರಳನ್ನು ನಾಲಿಗೆಗೆ ತಾಗಿಸಿ ಮೂಲೆ ಮುಟ್ಟಿದೆ. ಅಂಟಿತು. ಗೊತ್ತಾಯಿತು, ಸ್ಪಷ್ಟವಾಗಿ ಗೊತ್ತಾಯಿತು. ಹಾಳೆಯನ್ನು ತಿರುಗಿಸಲಿಲ್ಲ. ಅಂಟುವ ಬದಿಗೇ ಸುತ್ತ ನೀಟಾಗಿ ಟೇಪು ಹಚ್ಚಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಟೇಪು ಹಚ್ಚಿರಲಿಲ್ಲ.

ಸುಹೇಲ್ ಬಂದು ಮೊಬೈಲ್ ಹಿಡಿದು ತೊಟ್ಟಿಯ ಪಕ್ಕ ನಿಂತ. ಭಾನು ಹೆಬ್ಬೆರಳು ಅದ್ದಿ ನೀರಿನ ಬಿಸಿ ನೋಡಿದಳು, ತಲೆಯಾಡಿಸಿದಳು. ಫಿಲ್ಮಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವಳು. ನನಗೆ ಹೆದರಿಕೆ ಇರಲಿಲ್ಲ, ಆಸೆ ಇತ್ತು. ಇನ್ನು ಎರಡು ನಿಮಿಷ. ಲೋಳೆ ಹತ್ತಿದ ಆಂಪ್ಲಿಫೈಯರಿನ ಮುಚ್ಚಳ ಅವಳ ಕೈಯಲ್ಲಿ ಮೇಲೆ ಬರುತ್ತದೆ, ವಿಡಿಯೊದಲ್ಲಿ ಉಳಿಯುತ್ತದೆ.

"ಒಂದ್ ನಿಮ್ಷ" ಎಂದಳು ಭಾನು.

ಹಾಳೆಯನ್ನು ನೀರಿನಿಂದ ಗೇಣು ಮೇಲೆ ಹಾಗೇ ಹಿಡಿದು ನಿಂತಳು. ಅವಳ ಹೆಬ್ಬೆರಳು ಒದ್ದೆಯಾಗಿತ್ತು. ಟೇಪು ದಾಟಿ ಮೇಲಿನ ಬದಿಗೆ ಒತ್ತಿದ್ದ ಅದು ಫಿಲ್ಮಿಗೆ ಅಂಟಿಕೊಂಡಿತ್ತು. ಅವಳು ನನ್ನ ಮುಖ ನೋಡಿದಳು. ನಾನು ತೊಟ್ಟಿಯ ನೀರು ನೋಡಿದೆ.

"ಏನಾಯ್ತಕ್ಕ?" ಎಂದ ಸುಹೇಲ್.

"ಏನಿಲ್ಲ ಕಣಪ್ಪ, ಗಾಳಿಗೆ ಅಂಚು ಮಡಿಸ್ಕತು. ಟೇಪು ಬದಲಾಯಿಸ್ಬುಡ್ತೀವಿ."

ಗಾಳಿಯೇ ಇರಲಿಲ್ಲ. ಅವಳು ಹಾಳೆಯನ್ನು ಮೇಜಿಗೆ ಒಯ್ದು, ಟೇಪಿನ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದು, ತಿರುಗಿಸಿ ಹೊಸ ಟೇಪು ಹಚ್ಚಿದಳು. ಆಮೇಲೆ ಮುಚ್ಚಳ, ನಾಲ್ಕು ರಿಂಗು, ಜಾಲರಿ ಎಲ್ಲವನ್ನೂ ಒಂದು ಹಲಗೆಗೆ ಬಿಗಿದು ಒಂದೇ ಸಲಕ್ಕೆ ಮುಳುಗಿಸಿದಳು. ಮೇಲೆ ಬಂದಾಗ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದು ಹೋಗಿದ್ದವು, ಬಂಡೆಯನ್ನೇ ಕಡಿದು ಇಟ್ಟ ಹಾಗೆ. ಸುಹೇಲ್ ಕುಣಿದ. ನಾನು ಚಪ್ಪಾಳೆ ತಟ್ಟಿದೆ. ನನ್ನ ಮಾನ ಉಳಿಸಿದಳು ಎಂದು ಕೃತಜ್ಞತೆ ಬರಬೇಕಿತ್ತು. ಉಳಿಸುವುದರಲ್ಲೂ ಇವಳೇ ಮುಂದೆ ಎಂದು ಇನ್ನಷ್ಟು ಉರಿಯಿತು.

ಅವನು ಹೋದ ಮೇಲೆ ಬೈಗುಳ ಬೀಳುತ್ತದೆ ಎಂದು ಕಾದೆ. ಅವಳು ಎರಡು ಲೋಟ ಟೀ ತಂದು ಪಕ್ಕದಲ್ಲಿ ಕೂತಳು.

"ಬೆರಳು ಒದ್ದೆ ಮಾಡ್ದೆ ಕಣ್ಣಂದಾಜಲ್ಲೇ ಬದಿ ನೋಡಿದೀರ. ನಿಮ್ಗೆ ಕಣ್ಣು ಮಂಜಾಗ್ತಾ ಐತೆ. ನನ್ ತಾವ ಮುಚ್ಚಿಡಬ್ಯಾಡಿ. ಹತ್ತು ವರ್ಸ ಆ ಕೆಮಿಕಲ್ ಹೊಗೆ ಕುಡ್ದಿದೀರ, ಇನ್ನೇನಾಯ್ತದೆ? ನಾಳಿಕೆ ಕಣ್ಣು ತೋರಿಸ್ಕಂಡು ಬರನ ನಡೀರಿ."

ಅವಳ ಕಣ್ಣಲ್ಲಿ ನೀರು ನಿಂತಿತ್ತು. ತಪ್ಪು ಮಾಡಿದ ಗಂಡನಿಗಾಗಿ ಅಲ್ಲ, ಕುರುಡಾಗುತ್ತಿರುವ ಗಂಡನಿಗಾಗಿ. ಬೇರೆ ಕಾರಣ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾನು ಬದುಕಿದೆ ಎಂದುಕೊಂಡು, "ಹೂಂ, ಈಚ್ಗೆ ಒಸಿ ಮಬ್ಬಾಯ್ತದೆ" ಎಂದೆ.

ಬಸ್ ಸ್ಟ್ಯಾಂಡ್ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಧನುಶ್ರೀ ಅನ್ನುವ ಹುಡುಗಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಓದಲು ಒಂದು ಕಾರ್ಡು ಕೊಡುತ್ತಾಳೆ. ಮೇಲೆ ದೊಡ್ಡ ಅಕ್ಷರ, ಕೆಳಕ್ಕೆ ಬಂದಂತೆ ಸಣ್ಣದು, ಕೊನೆಯ ಸಾಲು ಇರುವೆಗಿಂತ ಸಣ್ಣದು. ಮಾರನೆಯ ದಿನ ಅಲ್ಲಿ ಕೂರಲು ನಾನು ಹಿಂದೆಮುಂದೆ ನೋಡಿದೆ. ನನಗೆ ಧೈರ್ಯ ಬರಲಿ ಎಂದು ಭಾನು ತಾನೇ ಮೊದಲು ಕೂತಳು. ನಾಲ್ಕನೆಯ ಸಾಲಿಗೆ ಬಂದು ಕಾರ್ಡನ್ನು ಹಿಂದೆ ಮುಂದೆ ಮಾಡಿದಳು. ಐದನೆಯದರಲ್ಲಿ ನಿಂತುಬಿಟ್ಟಳು.

"ಇದು ಬರ್ತಾ ಇಲ್ಲ ಕಣಮ್ಮ" ಎಂದಳು.

ಬರ್ತಾ ಇಲ್ಲ! ಆ ಮಾತನ್ನು ಅವಳ ಬಾಯಲ್ಲಿ ಕೇಳಲು ಒಂದು ವರ್ಷದಿಂದ ಕಾಯುತ್ತಿದ್ದೆ. ನಾನು ಕೂತೆ. ಮೂರನೆಯ ಸಾಲಿಗೆ ತೊದಲಬೇಕು, ನಾಲ್ಕನೆಯದಕ್ಕೆ ನಿಲ್ಲಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಕಾರ್ಡು ಕೈಗೆ ಬಂದ ಮೇಲೆ ಎಲ್ಲ ಮರೆತೆ. ನಾಲ್ಕು ಓದಿದೆ. ಐದನ್ನು ಜೋರಾಗಿ ಓದಿದೆ. ಆರು, ಏಳು. ಏಳರ ಕೆಳಗೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿ, ಗೆದ್ದವನ ಹಾಗೆ ಭಾನುವಿನ ಕಡೆ ತಿರುಗಿದೆ.

"ಸಾರ್, ನಿಮ್ ಕಣ್ಣು ಚೆನ್ನಾಗೈತೆ. ಏನೂ ಆಗಿಲ್ಲ" ಎಂದಳು ಧನುಶ್ರೀ. "ಕನ್ನಡಕ ಬೇಕಾಗಿರೋದು ಅಕ್ಕನಿಗೆ."

ಭಾನು ನಗುತ್ತಾ, ದೇವರಿಗೆ ಕೈ ಮುಗಿಯಲು ಎರಡೂ ಕೈ ಎತ್ತಿದಳು. ಕೈಗಳು ಅರ್ಧಕ್ಕೆ ನಿಂತವು. ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಅವಳು ಲೆಕ್ಕ ಹಾಕುತ್ತಿದ್ದಳು. ನಾನು ಕಾರ್ಡನ್ನು ಮೇಜಿನ ಮೇಲೆ ಇಟ್ಟೆ, ಇಡಬಾರದಿತ್ತು ಅನ್ನಿಸಿ ಮತ್ತೆ ಎತ್ತಿಕೊಂಡೆ.

"ನಿನ್ನೆ ಟೇಪು ಹಚ್ಚುವಾಗ ಬೆರಳು ಒದ್ದೆ ಮಾಡ್ಕಂಡು ನೋಡುದ್ರಾ?" ಎಂದು ಕೇಳಿದಳು. ಧ್ವನಿ ತಣ್ಣಗಿತ್ತು.

"ನೋಡ್ದೆ."

"ಅಂಟ್ತಾ?"

ಕಣ್ಣು ಮಂಜು ಎನ್ನಲು ಈಗ ಜಾಗವಿರಲಿಲ್ಲ. "ಅಂಟ್ತು" ಎಂದೆ.

ಅಳುತ್ತಾಳೆ, ಕೂಗಾಡುತ್ತಾಳೆ ಎಂದು ನಾನು ಬಾಗಿಲ ಕಡೆ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಧನುಶ್ರೀಯ ಎದುರಿಗೆ ಕೂತಳು.

"ನನ್ ಕನ್ನಡಕ ಬಿರ್‍ನೆ ಮಾಡ್ಕೊಡಮ್ಮ" ಎಂದಳು. "ಇಷ್ಟು ದಿನ ಇವ್ರು ಹಾಸಿಕೊಟ್ಟಿದ್ನ ನಾನು ನೋಡ್ದೇನೇ ಮುಳುಗಿಸ್ತಿದ್ದೆ."