ಸಾವಂತ್ರೆವ್ವನಿಗೆ ತಂದ ಗಾದಿ

ನಾನೊಂದು ಸ್ಪ್ರಿಂಗ್ ಗಾದಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಂದಿಗೆ ಬುದ್ಧಿ ಹೇಳುವಾಗ ನನ್ನ ಕುಲದವರನ್ನೇ ಎಳೆದು ತರುತ್ತಾರೆ. ಬೆನ್ನಿನ ಬಗ್ಗೆ ಮಾತ್ರ ಯಾರೂ ಗಾದೆ ಕಟ್ಟಿದಂತಿಲ್ಲ.

ಹುಬ್ಬಳ್ಳಿಯ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ತಂತಿಯನ್ನು ಸುರುಳಿ ಸುತ್ತಿ, ಸಾಲಾಗಿ ಜೋಡಿಸಿ, ಮೇಲೆ ದಪ್ಪ ಫೋಮು ಹಾಕಿ ಹೂವಿನ ಬಟ್ಟೆ ಹೊಲಿದರು. ಅಲ್ಲಿಂದ ಗದಗಿನ ಒಂದು ಅಂಗಡಿಗೆ ಬಂದೆ. ನನಗೆ ಜೋಡಿಯಾಗಿ ಒಂದು ಮಂಚವನ್ನೂ ಇಟ್ಟಿದ್ದರು. ಅದರ ಅಡ್ಡಪಟ್ಟಿಗಳು ಭಾರ ಬಿದ್ದರೆ ತಗ್ಗಿ, ಎದ್ದರೆ ಮೇಲೆ ಬರುತ್ತಿದ್ದವು. ನಾನೂ ಮೆತ್ತಗೆ, ಅದೂ ಮೆತ್ತಗೆ. ಇಬ್ಬರಿಗೂ ಭಾರಿ ಜಂಬ.

ಒಂದು ಮಧ್ಯಾಹ್ನ ದರ್ಜಿ ತುಕಾರಾಮಪ್ಪ ತನ್ನ ಹೆಂಡತಿ ಸಾವಂತ್ರೆವ್ವನನ್ನು ಕರೆದುಕೊಂಡು ಬಂದ. ಅವನು ಹೊಲಿದ ಅಂಗಿಗಳಿಗೆಲ್ಲ ಮೂವತ್ತು ವರ್ಷ ಬಗ್ಗಿ ಕೂತು ಕಾಜಾ ಗುಂಡಿ ಹಾಕಿ ಅವಳ ಬೆನ್ನು ಹೋಗಿತ್ತು. ಒಳ್ಳೆಯ ಗಾದಿ ಹಾಕಿ ಮಲಗಿಸಿ ಎಂದು ಡಾಕ್ಟರು ಹೇಳಿದ್ದರಂತೆ.

"ಮಲಗಿ ನೋಡ್ರಿ ಅವ್ವಾರ, ಮಲಗಿದ್ರನ ಗೊತ್ತಾಗೋದು," ಎಂದ ಅಂಗಡಿಯವನು.

ಸಾವಂತ್ರೆವ್ವ ಸೆರಗನ್ನು ಬಾಯಿಗೆ ಹಿಡಿದಳು. "ಅಯ್ಯ, ಇಷ್ಟು ಗಂಡಸರ ಮುಂದ ಮಲಗೋದೇನ್ರಿ!" ಎಂದವಳೇ ಗಂಡನ ಕಡೆ ತಿರುಗಿ, "ನೀವ ನೋಡ್ರಿ," ಎಂದಳು.

ತುಕಾರಾಮಪ್ಪ ಚಪ್ಪಲಿ ಬಿಟ್ಟು ನನ್ನ ಮೇಲೆ ಉದ್ದಕ್ಕೆ ಬಿದ್ದ. ಅವನೋ ಕಡ್ಡಿ ಪೈಲವಾನ, ಬೆನ್ನುನೋವು ಎಂದರೇನೆಂದು ಅರಿಯದವನು. "ಸಾವಂತ್ರಿ, ಹತ್ತಿ ಮ್ಯಾಲ ಮಲಗಿದಂಗ ಆಗ್ತೈತಿ!" ಎಂದು ಕಣ್ಣು ಮುಚ್ಚಿದ.

ಪಕ್ಕದಲ್ಲಿ ಸಪಾಟು ಹಲಗೆಯ ಮಂಚದ ಮೇಲೆ ಒಂದು ಗಟ್ಟಿ ಗಾದಿ ಇತ್ತು. ಅವಳು ಅದನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಳು. "ಇದು ಹೆಂಗರೀ?" ಎಂದಳು.

"ಅದು ಕಲ್ಲಿದ್ದಂಗ ಐತಿ. ನಿನಗ ಇಷ್ಟು ದಿವಸ ಕಷ್ಟ ಆಗಿದ್ದು ಸಾಕು," ಎಂದ. ಅವಳು ಕೈ ತೆಗೆದಳು. ಒಬ್ಬರ ಬೆನ್ನಿಗೆ ಬೇಕಾದದ್ದನ್ನು ಇನ್ನೊಬ್ಬರ ಬೆನ್ನು ಆರಿಸಿತು. ನನ್ನನ್ನೂ ಮಂಚವನ್ನೂ ಗಾಡಿಗೆ ಹೇರಿದರು.

ಮೊದಲ ದಿನವೇ ನನಗೆ ತಿಳಿಯಿತು. ಅವಳ ಸೊಂಟ ನನ್ನಲ್ಲಿ ಹೂತುಹೋಯಿತು, ಕೆಳಗೆ ಪಟ್ಟಿಗಳೂ ತಗ್ಗಿದವು. ಬೆನ್ನೆಲುಬು ಕುಡಗೋಲಿನಂತೆ ಬಾಗಿತು. ನಾನು ಎಷ್ಟು ಬಿಗಿ ಹಿಡಿದರೂ ಆಗಲಿಲ್ಲ; ಮೆತ್ತಗಿರುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಬೆಳಿಗ್ಗೆ ಅವನು, "ಹೆಂಗಿತ್ತು?" ಎಂದು ಕೇಳಿದ. "ಭಾಳ ಚಲೋ ನಿದ್ದಿ ಬಂತ್ರೀ," ಎಂದಳು.

ಇನ್ನೇನು ಹೇಳಿಯಾಳು? ಮಂಚವನ್ನು ಪೂರಾ ಅವಳಿಗೆ ಬಿಟ್ಟು ಅವನು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಅಳತೆ ಕೊಡಲು ಬಂದವರಿಗೆಲ್ಲ, "ನಮ್ಮಾಕಿಗೆ ಸ್ಪ್ರಿಂಗ್ ಗಾದಿ ತಂದೀನಿ," ಎನ್ನುತ್ತಿದ್ದ. ಅವಳಿಗೆ ನಾನು ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಒಂದು ದಾರಿ ಕಂಡುಕೊಂಡಳು. ಗಂಡ ತನ್ನ ಹೊಲಿಗೆ ಅಂಗಡಿಗೆ ಹೋದ ಮೇಲೆ ಕದ ಹಾಕಿ, ಮೆಲ್ಲಗೆ ಜಾರಿ ಫರಸಿಕಲ್ಲಿನ ಮೇಲೆ ನೆಟ್ಟಗೆ ಮಲಗುತ್ತಿದ್ದಳು. ಉಸ್ಸಪ್ಪಾ ಎನ್ನುತ್ತಿದ್ದಳು. ಸಂಜೆ ಅವನ ಸೈಕಲ್ಲಿನ ಸದ್ದಾದರೆ ಹಲ್ಲು ಕಚ್ಚಿ ಮತ್ತೆ ಮೇಲೇರುವಳು. ಎರಡು ವರ್ಷ ಆ ನೆಲವೇ ಅವಳನ್ನು ಉಳಿಸಿತು. ನಾನು ಮೇಲಿನಿಂದ ಸುಮ್ಮನೆ ನೋಡುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ಹೆಂಡತಿ ಸೊರಗುತ್ತಿರುವುದು ತುಕಾರಾಮಪ್ಪನ ಕಣ್ಣಿಗೂ ಬಿತ್ತು. ಒಂದು ದಿನ ಹೊಲಿಗೆ ಮಶೀನನ್ನು ಮನೆಗೇ ತಂದು ಮಂಚದ ಕಾಲ್ದೆಸೆಗೆ ಇಟ್ಟ. "ಇನ್ನ ಅಂಗಡಿ ಬ್ಯಾಡ. ನಿನ್ನ ಕಣ್ಮುಂದನ ಕುಂಡ್ರತೀನಿ," ಎಂದ. ಅವಳು ನಕ್ಕಳು. ನಕ್ಕು ನೆಲವನ್ನು ನೋಡಿದಳು. ಪುಣ್ಯಾತ್ಮ, ಒಂದು ತಾಸಾದರೂ ಹೊರಗೆ ಹೋಗೋ ಎಂದು ನಾನು ಒಳಗೊಳಗೇ ಬೈದೆ. ಒಳ್ಳೆಯ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಾರದು. ಬಂತು.

ಆ ಚಳಿಗಾಲಕ್ಕೆ ಅವಳ ಕಾಲು ಸೋತವು. ಎದೆಯಲ್ಲಿ ಕಫ ಕಟ್ಟಿತು. ತಾನಾಗಿ ಇಳಿಯಲು ಆಗದಾದಾಗ ಬಾಯಿಬಿಟ್ಟಳು.

"ರೀ, ನನ್ನ ನೆಲಕ್ಕ ಇಳಸ್ರಿ."

ಮಶೀನು ನಿಂತಿತು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ನೆಲಕ್ಕೆ ಇಳಿಸುವುದು ಜೀವ ಹೋಗುವ ಹೊತ್ತಿನಲ್ಲಿ ಮಾತ್ರ. ಅವನು ದಡಕ್ಕನೆ ಎದ್ದು ಬಂದು ಅವಳ ಬಾಯಿ ಮುಚ್ಚಿದ. "ಹಂಗ ಅನಬ್ಯಾಡ ಸಾವಂತ್ರಿ! ನೀ ಬದಕಬೇಕು."

"ಸಾಯಾಕಲ್ರೀ... ಬೆನ್ನ..." ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಅವನು ಅಳುತ್ತ ಅವಳ ಬೆನ್ನಡಿಗೆ ಇನ್ನೊಂದು ಮೆತ್ತನೆಯ ದಿಂಬು ತುರುಕಿದ.

ಮೂರು ದಿನ ಕೇಳಿದಳು; ಯಾಕೆಂದು ಹೇಳಲು ಕೆಮ್ಮು ಬಿಡಲಿಲ್ಲ. ಕೇಳಿದಾಗೆಲ್ಲ ಅವನು ದೇವರ ಫೋಟೋ ಮುಂದೆ ಹೋಗಿ ನಿಲ್ಲುತ್ತಿದ್ದ. ನಾಲ್ಕನೆಯ ದಿನ ಅವಳು ಕೇಳಲಿಲ್ಲ. ಓಣಿಯ ಹಿರಿಯರು ಬಂದು ನಾಡಿ ನೋಡಿ, "ಇಳಸ್ರಿ," ಎಂದರು. ನಾಲ್ಕು ಜನ ಎತ್ತಿ ಫರಸಿಯ ಮೇಲೆ ಮಲಗಿಸಿದರು. ಬೆನ್ನು ನೆಟ್ಟಗಾಯಿತು. ಹುಬ್ಬಿನ ಗಂಟು ಬಿಚ್ಚಿತು. ಎರಡು ಉಸಿರು ಎಳೆದುಕೊಂಡು ಹೋಗಿಬಿಟ್ಟಳು.

ಸತ್ತವರ ಗಾದಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಂಚವನ್ನು ಒಡೆದು ನೀರೊಲೆಗೆ ಹಾಕಿದರು. ನನ್ನನ್ನು ಹೊರಗೆ ಎತ್ತುವಾಗ ತುಕಾರಾಮಪ್ಪ ತಡೆದು ಒಮ್ಮೆ ಮೈ ಸವರಿದ. "ಕಡೀತನಕ ಇದರ ಮ್ಯಾಲ ಸುಖವಾಗಿ ಮಲಗಿದ್ಲು. ಅಷ್ಟ ನನಗ ಸಮಾಧಾನ," ಎಂದು ನೆರೆಯವರಿಗೆ ಹೇಳಿದ.

ಈಗ ಊರ ಹೊರಗಿನ ಜಾಲಿಕಂಟಿಯಲ್ಲಿ ಬಿದ್ದಿದ್ದೇನೆ. ಬಟ್ಟೆ ಹರಿದು ಸುರುಳಿಗಳು ತುಕ್ಕು ಹಿಡಿದಿವೆ. ನನಗೆ ಬಾಯಿದ್ದಿದ್ದರೆ ಅವತ್ತು ಅವನಿಗೆ ನಿಜ ಹೇಳುತ್ತಿದ್ದೆನೇ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಆ ಮುಖ ನೋಡಿದ ಮೇಲೆ ಹೇಳುತ್ತಿರಲಿಲ್ಲ. ನಾನೂ ಅವಳ ಹಾಗೆ, ಭಾಳ ಚಲೋ ನಿದ್ದಿ ಮಾಡಿದ್ಲು ಅನ್ನುತ್ತಿದ್ದೆ.