ಸುಣ್ಣದ ಗೆರೆಯ ಹೊರಗೆ

ಅಂಬಿಕಾಳನ್ನು ಓಡಲು ಬಿಡುತ್ತಾರೋ, ಇಲ್ಲವೋ? ನಿನ್ನೆ ಎದೆಗೆ ಚುಚ್ಚಿಕೊಳ್ಳಲು ನಂಬರು ಕೊಟ್ಟಿದ್ದಾರೆ. ಕೊಟ್ಟವರು ಕಿತ್ತುಕೊಳ್ಳುವುದಿಲ್ಲ ಎಂದೇನಿಲ್ಲ. ಬೆಳಿಗ್ಗೆಯೇ ಬೇಡ ಅನ್ನಬೇಕಿತ್ತೇ? ಅಂದಿದ್ದರೆ ಕೇಳುತ್ತಿದ್ದಳೇ?

ಭೀಮೇಶ ಬಕೆಟ್ಟಿಗೆ ಕೈ ಹಾಕಿ ಸುಣ್ಣದ ಪುಡಿಯನ್ನು ಗೆರೆಯಾಗಿ ಬಿಡುತ್ತಾ ಬಗ್ಗಿಕೊಂಡೇ ನಡೆಯುತ್ತಿದ್ದ. ಸಿಂಧನೂರಿನ ಕ್ರೀಡಾಕೂಟಕ್ಕೆ ಮೈದಾನ ಸಜ್ಜು ಮಾಡಲು ಅಮರಗುಂಡಪ್ಪ ತನ್ನ ರೈಸ್‌ಮಿಲ್ಲಿನ ಹಮಾಲರನ್ನೇ ಕಳಿಸಿದ್ದ. ಕೂಟದ ಸಮಿತಿಗೆ ಅವನೇ ಅಧ್ಯಕ್ಷ.

ಹೆಂಗಸರ ಎಂಟುನೂರು ಮೀಟರ್ ಓಟಕ್ಕೆ ಕೂಗಿದರು. ಅಂಬಿಕಾ ಬರಿಗಾಲಲ್ಲಿ ಬಂದು ನಿಂತಳು.

ಭೀಮೇಶನ ಒಡಹುಟ್ಟು, ಅವನಿಗಿಂತ ಹಿರಿಯಳು. ಅಂಬಪ್ಪ ಎಂದು ಹೆಸರಿಟ್ಟ ಮಗು ಹೆಣ್ಣಾಗಿಯೇ ಬೆಳೆದಾಗ ಗೊರೇಬಾಳದ ಕೇರಿಗೆ ತಿಳಿದದ್ದು ಒಂದೇ ದಾರಿ. ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿ ಜೋಗತಿ ಮಾಡಿದರು. ಅಂದಿನಿಂದ ತಲೆಯ ಮೇಲೆ ಆ ತಾಯಿಯ ಕೊಡ ಹೊತ್ತು ಮನೆಮನೆ ತಿರುಗಿದಳು. ಪ್ರತಿ ಸುಗ್ಗಿಯಲ್ಲೂ ಅವಳು ಬಂದು ಭಂಡಾರದ ಅರಿಸಿನ ಹಚ್ಚಿದ ಮೇಲೆಯೇ ಅಮರಗುಂಡಪ್ಪನ ಯಂತ್ರಕ್ಕೆ ಮೊದಲ ಭತ್ತ ಬೀಳುತ್ತಿತ್ತು. ಅವನು ಅವಳ ಪಾದಕ್ಕೆ ಹಣೆ ಹಚ್ಚುತ್ತಿದ್ದ. ನಸುಕಿನಲ್ಲಿ ಕಾಲುವೆ ದಂಡೆಯ ಮೇಲೆ ಓಡುವುದು ಮಾತ್ರ ಅವಳು ತನಗಾಗಿ ಇಟ್ಟುಕೊಂಡದ್ದು.

ಅಮರಗುಂಡಪ್ಪ ವೇದಿಕೆಯಿಂದ ಇಳಿದು ಬಂದ.

"ಜೋಗಮ್ಮಾ, ಇದೇನಿದು ಚಡ್ಡಿ?"

"ಸೀರಿ ಉಟ್ಕೊಂಡು ಓಡಾಕ ಆಕೈತೇನ್ರಿ ಧಣಿ?"

ಹುಡುಗಿಯರು ನಕ್ಕರು. ಅವನು ನಗಲಿಲ್ಲ.

"ನಂಬರ್ ಬಿಚ್ಚು. ಇದು ಹೆಣ್ಮಕ್ಕಳ ಓಟ."

"ನಿನ್ನಿ ಎಲ್ಲಾ ನೋಡೇ ಕೊಟ್ಟಾರ್ರಿ. ನಾನೂ ಹೆಣ್ಮಗಳ."

"ಸೂಳೇಮಗನ, ನನಗ ಹೇಳಾಕ ಬರ್ತೀಯೇನಲೇ? ಸಣ್ಣಾವ ಇದ್ದಾಗ ಅಂಬ್ಯಾ ಅಂದ್ರ ಚಿನ್ನಿದಾಂಡು ಬಿಟ್ಟು ಓಡಿ ಬರ್ತಿದ್ದಿ. ಶುಕ್ರವಾರ ಮಿಲ್ಲಿಗೆ ಬಾ, ಭಂಡಾರ ಹಚ್ಚು. ಉಡಿ ತುಂಬಿ ಕಾಲಿಗಿ ಬೀಳ್ತೀನಿ. ಇಲ್ಲಿ ಕಿರಿಕಿರಿ ಮಾಡಬ್ಯಾಡ."

"ಮಿಲ್ಲಿನ್ಯಾಗ ತಾಯಿ ಅಂತೀರಿ. ಮೈದಾನದಾಗ ಮಗ ಹೆಂಗಾದ್ನಿರಿ?"

ಪಕ್ಕದ ಸಾಲಿನಲ್ಲಿ ಮುಕ್ಕುಂದದ ಪ್ರಿಯಾಂಕಾ ನಿಂತಿದ್ದಳು, ಹೋದ ವರ್ಷ ಗೆದ್ದವಳು. ಅಮರಗುಂಡಪ್ಪ ಅವಳತ್ತ ಕೈ ಮಾಡಿದ. "ಈ ಹುಡುಗೀರಿಗೆ ಅನ್ಯಾಯ ಆಗಂಗಿಲ್ಲೇನು? ನೀನ ಹೇಳವಾ."

ಅವಳು ತಡವರಿಸಿದಳು. "ಆಕಿ ನಮಗಿಂತ ಜೋರು ಇದ್ದಾಳೇನೋ ಅಂತ ನನಗೂ ಅಂಜಿಕಿ ಐತ್ರಿ. ಅದನ್ನ ತಿಳದವರು ಕುಂತು ನೋಡ್ಲಿ, ನಿಯಮ ಹೇಳ್ಲಿ. ನೀವು ಹಿಂಗ ಬೈಯಾದು ನಿಯಮ ಅಲ್ರಿ."

ಅವನು ಅವಳನ್ನು ಬಿಟ್ಟು ಸುತ್ತ ನೋಡಿದ.

"ಲೇ ಭೀಮ್ಯಾ, ಬಾ ಇಲ್ಲಿ. ಒಂದ ಹೊಟ್ಟ್ಯಾಗ ಹುಟ್ಟೀರಿ. ಇದು ನಿನಗ ಅಣ್ಣೋ ಅಕ್ಕೋ? ಎಲ್ಲಾರ ಮುಂದ ಹೇಳು. ನಾಳೆ ಮಿಲ್ಲಿಗೆ ಬರಾದು ಐತಿ ನಿಂದು, ನೆನಪಿರ್ಲಿ."

ಘೋಷಣೆ ಕೂಗುತ್ತಿದ್ದವನು ಮೈಕನ್ನು ಭೀಮೇಶನ ಬಾಯಿಗೆ ಹಿಡಿದ. ಅಂಬಿಕಾ ತಮ್ಮನನ್ನೇ ನೋಡುತ್ತಿದ್ದಳು. ಅವನ ಉಸಿರಿನ ಸದ್ದು ಮೈದಾನದ ತುಂಬ ಕೇಳಿಸಿತು. ಅದೊಂದೇ ಕೇಳಿಸಿತು.

"ನೋಡ್ರಿ, ಒಡಹುಟ್ಟಿದವನ ಬಾಯಾಗ ಮಾತು ಬರವಲ್ದು," ಎಂದು ಅಮರಗುಂಡಪ್ಪ ಅವಳ ಎದೆಯ ನಂಬರು ಎಳೆದ. ಪಿನ್ನು ಅಂಗಿಯನ್ನೂ ಹರಿಯಿತು.

ಅಂಬಿಕಾ ಹರಿದಲ್ಲಿ ಕೈ ಅಡ್ಡ ಹಿಡಿದಳು. "ಶುಕ್ರವಾರ ನಾ ಬರಂಗಿಲ್ರಿ. ನಿಮ್ಮ ಮಿಲ್ಲಿಗೆ ಭಂಡಾರ ನೀವ ಹಚ್ಕೋರಿ. ಮುಂದಿನ ಸುಗ್ಗಿಗೂ ನೀವ."

ಅವನು ಕೈಯಲ್ಲಿದ್ದ ನಂಬರನ್ನು ಮುದುರಿ ಕಿಸೆಗೆ ತುರುಕಿದ. ಸಮಿತಿಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೋಗತಿ ಹೀಗೆ ಅಂದದ್ದನ್ನು ಅವರು ಹಿಂದೆಂದೂ ಕೇಳಿರಲಿಲ್ಲ.

ಓಟ ಶುರುವಾಯಿತು. ಅಂಬಿಕಾ ಸುಣ್ಣದ ಗೆರೆಯ ಹೊರಗೆ, ಜಾಲಿ ಮುಳ್ಳು ಬಿದ್ದ ನೆಲದ ಮೇಲೆ ಓಡಿದಳು. ಯಾರೋ ಸಿಳ್ಳೆ ಹಾಕಿದರು, ಯಾರೋ ಚಪ್ಪಲಿ ಎಸೆದರು. ಹೊರಸುತ್ತು ದೂರ, ಅವಳು ಅಷ್ಟೂ ಓಡಿದಳು. ಪ್ರಿಯಾಂಕಾ ಮೊದಲು ಗುರಿ ಮುಟ್ಟಿದಳು, ಹಿಂದೆ ಇನ್ನಿಬ್ಬರು. ಆಮೇಲೆ ಅಂಬಿಕಾ ಬಂದಳು. ಅಷ್ಟು ಹೊತ್ತಿಗೆ ಎಲ್ಲರೂ ಗೆದ್ದವರ ಫೋಟೊ ತೆಗೆಯುತ್ತಿದ್ದರು.

ನಲ್ಲಿಯ ಕಟ್ಟೆಯ ಮೇಲೆ ಕುಳಿತು ಅಂಗಾಲಿನ ಮುಳ್ಳು ಕೀಳುತ್ತಿದ್ದವಳ ಮುಂದೆ ಭೀಮೇಶ ನೀರು ತಂದಿಟ್ಟ. ಅವಳು ತಲೆ ಎತ್ತಲಿಲ್ಲ.

"ಉಂಡಿಯೇನು?"

ಇಲ್ಲ ಎಂದು ಅವನು ತಲೆಯಾಡಿಸಿದ.

"ಬುತ್ತಿ ಚೀಲದಾಗ ಐತಿ. ಹೋಗು, ಉಣ್ಣು."

ಮರುದಿನ ಅವನು ಮಿಲ್ಲಿಗೆ ಹೋಗಿ ಚೀಲ ಹೊತ್ತ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಈಕೆ ನನ್ನ ಅಕ್ಕ ಎಂದು ಭೀಮೇಶ ಮೈದಾನದಲ್ಲಿ ಹೇಳಲಿಲ್ಲ. ಆಮೇಲೆಯೂ ಎಲ್ಲಿಯೂ, ಯಾರ ಮುಂದೆಯೂ ಹೇಳಲಿಲ್ಲ.