ಒಡೆದ ಲೋಟಗಳ ಪತ್ರ

“ಡಿಯರ್ ಸರ್,” ಎಂದು ಶುರುಮಾಡಿದ ವಿಭಾಗದ ಮುಖ್ಯಸ್ಥರಿಗೆ ಮುಂದಕ್ಕೆ ಹೋಗಲಾಗಲಿಲ್ಲ. ಕೈಯಲ್ಲಿದ್ದ ನೀಲಿ ರಟ್ಟಿನ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ತಡೀರಿ, ತಡೀರಿ, ಕೇಳಿಸ್ಕೊಳ್ಳಿ” ಎಂದು ಉಳಿದದ್ದನ್ನು ಒಂದೇ ಉಸಿರಿಗೆ ಓದಿದರು. “ಯುವರ್ ಗ್ಲಾಸ್ ಟಂಬ್ಲರ್ಸ್ ಹ್ಯಾವ್ ಗಿವನ್ ಅಸ್ ಹ್ಯಾಂಡ್. ಹಾಫ್ ಆರ್ ಬ್ರೋಕನ್. ವಿ ಆರ್ ಸಿಟ್ಟಿಂಗ್ ವಿತ್ ಹ್ಯಾಂಡ್ ಆನ್ ಹೆಡ್. ಕೈಂಡ್ಲಿ ಡು ನಾಟ್ ಕೀಪ್ ಫ್ಲವರ್ ಆನ್ ಅವರ್ ಇಯರ್.”

ಉಪನ್ಯಾಸಕರ ಕೊಠಡಿ ಬಿದ್ದು ಬಿದ್ದು ನಕ್ಕಿತು. ಲೆಕ್ಕಶಾಸ್ತ್ರದವರು ಚಹಾ ಕುಡಿಯುತ್ತಿದ್ದರು, ಅದು ನೆತ್ತಿಗೇರಿತು. ಅವರ ಬೆನ್ನು ತಟ್ಟಲು ಹೋದವರೂ ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟರು. “ಕನ್ನಡಕ್ಕೆ ಕೋಟು ತೊಡಿಸಿ ಕಳಿಸಿದ್ದಾನಲ್ರೀ ಪುಣ್ಯಾತ್ಮ!” ಎಂದು ಯಾರೋ ಅಂದರು.

ನಗದೆ ಉಳಿದವಳು ಒಬ್ಬಳೇ. ವ್ಯಾಪಾರದ ಪತ್ರ ಬರೆಯುವುದನ್ನು ಪಾಠ ಮಾಡುವ ಅವಳನ್ನು ಕಾಲೇಜಿನಲ್ಲೆಲ್ಲ ಪತ್ರದ ಮೇಡಂ ಎಂದೇ ಕರೆಯುತ್ತಿದ್ದರು. ಆ ನೀಲಿ ರಟ್ಟನ್ನು ಅವಳು ದೂರದಿಂದಲೇ ಗುರುತಿಸಿದ್ದಳು. ಗುರುತಿಸದೆ ಏನು? ಚಿಕ್ಕಂದಿನಲ್ಲಿ ಅದರ ಕಟ್ಟುಗಳ ಮೇಲೆ ಹತ್ತಿ ಕೂತವಳು ಅವಳು. ಅದು ಅವಳ ಅಪ್ಪ ಬರೆದ ಪುಸ್ತಕ.

ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತೆಂದು ಮುಖ್ಯಸ್ಥರು ಹೇಳಿದರು. ವಾರ್ಷಿಕೋತ್ಸವದ ಮನರಂಜನೆಗೆ ಏನೂ ಸಿಗದೆ ಒದ್ದಾಡುತ್ತಿದ್ದೆವಲ್ಲ, ಇದಕ್ಕಿಂತ ಒಳ್ಳೆಯದು ಬೇಕೇ ಎಂದರು. “ಮೇಡಂ, ನಿಮ್ಮ ಉಚ್ಚಾರ ಶುದ್ಧ. ಮುಖ ಗಂಭೀರವಾಗಿ ಇಟ್ಕೊಂಡು ಓದಿಬಿಡಿ. ಸಭೆ ಎದ್ದು ಕುಣಿಯುತ್ತೆ.”

“ಇದನ್ನ ಬರೆದವರಿಗೆ ಗೊತ್ತಾದ್ರೆ?” ಎಂದಳು.

“ಎಷ್ಟು ಹಳೇ ಪುಸ್ತಕ ನೋಡಿ! ಆ ಮನುಷ್ಯ ಎಲ್ಲಿರ್ತಾನೋ, ಇರ್ತಾನೋ ಇಲ್ವೋ.”

ಆ ಮನುಷ್ಯ ಗಟ್ಟಿಮುಟ್ಟಾಗಿಯೇ ಇದ್ದರು. ಬೆಳಿಗ್ಗೆ ತಾನೇ ಮಗಳ ಊಟದ ಡಬ್ಬಿಯ ಮುಚ್ಚಳ ಬಿಗಿಮಾಡಿ ಕೊಟ್ಟಿದ್ದರು. ಒಲ್ಲೆ ಎಂದರೆ ಬೇರೆಯವರು ಓದುತ್ತಾರೆ, ಇನ್ನಷ್ಟು ಆಡಿಕೊಳ್ಳುತ್ತಾರೆ. ನಮ್ಮಪ್ಪನದು ಎನ್ನಲು ನಾಲಿಗೆ ಏಳಲಿಲ್ಲ. ಅವಳು ತಲೆಯಾಡಿಸಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಅವಳ ಅಪ್ಪ, ಟೈಪ್ ಮೇಷ್ಟ್ರು ಎಂದರೆ ಅವರ ಬೀದಿಯಲ್ಲಿ ಈಗಲೂ ಗೊತ್ತು. ಆಗ ಮನೆಯ ಮುಂದಿನ ಕೋಣೆಯೇ ಟೈಪಿಂಗ್ ಶಾಲೆ. ಗೋಡೆಗುಂಟ ಟೈಪ್‌ರೈಟರುಗಳು, ಒಂದೊಂದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ ಹುಡುಗ ಹುಡುಗಿಯರು. ಕೀಲಿಗಳನ್ನು ನೋಡದೆ ಹೊಡೆಯಬೇಕು ಎಂದು ಅವರ ಬೆರಳುಗಳ ಮೇಲೆ ಟವೆಲು ಹೊದಿಸುತ್ತಿದ್ದರು. ಅಭ್ಯಾಸಕ್ಕೆ ಇದ್ದ ಪುಸ್ತಕದ ಪತ್ರಗಳು ಮೇಷ್ಟ್ರಿಗೆ ಒಗ್ಗಲಿಲ್ಲ. “ಇದೇನು ಪತ್ರವೋ ಪೊಲೀಸ್ ನೋಟೀಸೋ? ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೀಗೆ ಬರೀತಾನಾ?” ಎಂದು ತಾವೇ ಬರೆಯಲು ಕೂತರು.

ಬರೆಯುವಾಗ ಅವರದೊಂದು ಆಟವಿತ್ತು. ಯಂತ್ರ ನಿಲ್ಲಿಸಿ, ನಡುಬಾಗಿಲ ಕಡೆ ತಿರುಗಿ ಕೂಗುವರು. “ಲೇ, ಇವಳೇ! ಅಂಗಡಿಯವನು ಕೊಳೆತ ಈರುಳ್ಳಿ ಕಳಿಸಿದಾನೆ ಅಂದ್ಕೋ. ಏನಂತೀಯ ಅವನಿಗೆ?” ಅಡುಗೆಮನೆಯಿಂದ ಅಮ್ಮನ ಬೈಗುಳ ತೇಲಿ ಬರುತ್ತಿತ್ತು. ಹುಡುಗರು ಟವೆಲಿನಡಿಯಲ್ಲಿ ಬೆರಳು ನಿಲ್ಲಿಸಿ ಕಿಸಿಕಿಸಿ ನಗುವರು. ಹೆಂಡತಿಯನ್ನು ಕೆಣಕದೆ ಇವರಿಗೆ ಉಂಡದ್ದು ಅರಗುವುದಿಲ್ಲ ಎಂದು ಬೀದಿಯವರು ಅಂದುಕೊಂಡಿದ್ದರು. ಮಗಳೂ ಹಾಗೆಯೇ ಅಂದುಕೊಂಡಿದ್ದಳು.

ಈಗ ಅಪ್ಪನಿಗೆ ಹೇಳುವುದೋ ಬೇಡವೋ ಎಂದು ತೂಗುತ್ತ ಮನೆಗೆ ಬಂದರೆ, ಅಲ್ಲಿ ಸುದ್ದಿ ಅವಳಿಗಿಂತ ಮುಂಚೆಯೇ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು. ಸ್ಪರ್ಧೆಗಳಲ್ಲಿ ಗೆದ್ದವರಿಗೆ ಬಹುಮಾನ ಕೊಡಲು ಇನ್ನಷ್ಟು ಪ್ರತಿ ಸಿಗುತ್ತವೆಯೇ ಎಂದು ಮುಖ್ಯಸ್ಥರು ಪುಸ್ತಕದ ಕೊನೆಯಲ್ಲಿ ಹೆಸರಿದ್ದ ಮುದ್ರಣಾಲಯಕ್ಕೆ ಫೋನ್ ಮಾಡಿದ್ದರಂತೆ. ಮುದ್ರಣಾಲಯದವರು ಮೇಷ್ಟ್ರಿಗೆ ಫೋನ್ ಮಾಡಿದ್ದರು.

“ನಿಮ್ಮ ಕಾಲೇಜಲ್ಲಿ ನನ್ನ ಪುಸ್ತಕ ಓದ್ತಾರಂತೆ! ವೇದಿಕೆ ಮೇಲೆ!” ಅಪ್ಪ ಆಗಲೇ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದರು. “ಒಂದು ಮಾತು ಹೇಳಿದ್ಯಾ ನೀನು? ಕಳ್ಳಿ! ಆಶ್ಚರ್ಯ ಪಡಿಸೋಣ ಅಂತಿದ್ದೆ ಅಲ್ವಾ?”

“ಅಪ್ಪಾ, ಅದು...”

“ಓದೋರು ಯಾರು?”

“ನಾನೇ.”

ಅಪ್ಪ ಕೋಟಿನ ಗುಂಡಿಯೊಂದನ್ನು ಹಿಡಿದು ತಿರುಗಿಸುತ್ತ ನಿಂತರು. ಅವರ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಇನ್ನು ಹೇಳುವುದೆಲ್ಲಿಂದ ಬಂತು? ಅವಳು ಕೋಟಿನ ಮೇಲಿನ ಧೂಳು ಕೊಡವತೊಡಗಿದಳು.

ರಾತ್ರಿ ಪಾತ್ರೆ ಒರೆಸುವಾಗ ಅಮ್ಮನ ಹತ್ತಿರ ಹೇಳಿದಳು. “ಅವರು ಹೊಗಳೋಕೆ ಓದಿಸ್ತಿಲ್ಲಮ್ಮ. ನಗೋಕೆ. ಅಪ್ಪನ ಇಂಗ್ಲಿಷ್ ತಪ್ಪು. ತುಂಬ ತಪ್ಪು. ಸಭೆಯಲ್ಲಿ ಎಲ್ಲರೂ ನಗ್ತಾರೆ, ಅಪ್ಪ ಅಲ್ಲೇ ಕೂತಿರ್ತಾರೆ.”

ಅಮ್ಮ ತಟ್ಟೆಗಳನ್ನು ಜೋಡಿಸಿಟ್ಟಳು. “ನಕ್ಕರೆ ನಗಲಿ ಬಿಡು. ನಿಮ್ಮಪ್ಪ ಏನು ಉಪ್ಪಿನ ಗೊಂಬೆನಾ, ಕರಗಿ ಹೋಗೋಕೆ?” ಎಂದಳು. ಆಮೇಲೆ, “ನಿನಗೆ ನಾಚಿಕೆ ಆಗುತ್ತಾ?” ಎಂದು ಕೇಳಿದಳು. ಮಗಳು ಒರೆಸಿದ್ದ ಪಾತ್ರೆಯನ್ನೇ ಮತ್ತೆ ಒರೆಸಿದಳು. 

ವಾರ್ಷಿಕೋತ್ಸವದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಪ್ಪ ಅಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದರು. ಕೋಟು ಭುಜದ ಹತ್ತಿರ ಬಿಗಿಯಾಗಿ ಅಪ್ಪ ಕೈ ಎತ್ತುವಂತಿರಲಿಲ್ಲ. ಆದರೂ ಅಕ್ಕಪಕ್ಕದವರಿಗೆಲ್ಲ ವೇದಿಕೆಯ ಕಡೆ ಬೆರಳು ಮಾಡಿ ಏನೋ ಹೇಳುತ್ತಿದ್ದರು. ಏನು ಹೇಳುತ್ತಿದ್ದರೆಂದು ಮಗಳಿಗೆ ವೇದಿಕೆಯ ಪಕ್ಕದಿಂದಲೇ ಗೊತ್ತಾಯಿತು. ನನ್ನ ಮಗಳು, ನನ್ನ ಪುಸ್ತಕ.

ಅವಳು ಮೈಕಿನ ಮುಂದೆ ನಿಂತು ಪುಟ ತೆರೆದಳು. ಬರೆದವರ ಹೆಸರು ಹೇಳದೆ ನೇರವಾಗಿ ನೌಕರಿಗೆ ಅರ್ಜಿ ಹಾಕುವ ಪತ್ರ ಓದಿದಳು. “ಸರ್, ಇಫ್ ಯು ಹೋಲ್ಡ್ ಮೈ ಹ್ಯಾಂಡ್, ಐ ವಿಲ್ ನೆವರ್ ಗಿವ್ ಯು ಹ್ಯಾಂಡ್.” ಸಭೆ ಹೋ ಎಂದಿತು. ಹಳೆಯ ತಕರಾರನ್ನು ಬಗೆಹರಿಸುವ ಪತ್ರ: “ಲೆಟ್ ಅಸ್ ಫಿನಿಶ್ ದಿಸ್ ಲೈಕ್ ಹೇರ್ ಫ್ರಮ್ ಬಟರ್.” ಹಿಂದಿನ ಸಾಲಿನ ವಿದ್ಯಾರ್ಥಿಗಳು ಬೆಂಚು ಬಡಿದರು. ಮುಖ್ಯಸ್ಥರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳಿಗೆ ಮೂರನೆಯ ಸಾಲಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಕೊನೆಗೂ ನೋಡಿದಳು.

ಅಪ್ಪ ನಗುತ್ತಿದ್ದರು. ಹಲ್ಲೆಲ್ಲ ಕಾಣುವಂತೆ, ಬಿಗಿದ ಕೋಟಿನೊಳಗೆ ಅಲುಗಾಡುತ್ತ ನಗುತ್ತಿದ್ದರು. ನಗುತ್ತಲೇ ಪಕ್ಕಕ್ಕೆ ತಿರುಗಿ ಅಮ್ಮನ ಮುಖ ನೋಡುತ್ತಿದ್ದರು. ಅಮ್ಮನಿಗೆ ಮಾತ್ರ ಒಂದಕ್ಷರ ಅರ್ಥವಾಗಿರಲಿಲ್ಲ. ಊರೆಲ್ಲ ನಗುವಾಗ ತಾನೊಬ್ಬಳೇ ಹೊರಗೆ ನಿಂತವಳಂತೆ, ಗಂಡನ ತೋಳು ಜಗ್ಗಿ, ಏನಂತೆ, ಏನಂತೆ ಎಂದು ಕೇಳುತ್ತಿದ್ದಳು.

ಅದನ್ನು ನೋಡುತ್ತಲೇ ಮಗಳು ಪುಟ ತಿರುಗಿಸಿದಳು. ಮುಂದಿನ ಪುಟ ಒಡೆದ ಲೋಟಗಳದು. ಅವಳು ಅದನ್ನು ಇಂಗ್ಲಿಷಿನಲ್ಲಿ ಓದಲಿಲ್ಲ. ಅಮ್ಮನಿಗೆ ಕೇಳಿಸಲೆಂದು ಕನ್ನಡದಲ್ಲಿ ಹೇಳತೊಡಗಿದಳು.

“ಏನ್ರೀ ಯಜಮಾನ್ರೇ, ನಿಮ್ಮ ಲೋಟಗಳು ನಮಗೆ ಕೈ ಕೊಟ್ವಲ್ಲ. ಅರ್ಧಕ್ಕರ್ಧ ಒಡೆದು ಬಂದಿದಾವೆ. ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀವಿ. ದಯವಿಟ್ಟು ನಮ್ಮ ಕಿವಿ ಮೇಲೆ ಹೂವಿಡಬೇಡಿ...”

ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು. ಈ ಏರಿಳಿತ ಅವಳದಲ್ಲ. ಆ ‘ಏನ್ರೀ ಯಜಮಾನ್ರೇ’ ಪುಸ್ತಕದಲ್ಲಿ ಇರಲೇ ಇಲ್ಲ. ಅದು ತಾನಾಗಿ ನಾಲಿಗೆಗೆ ಬಂದಿತ್ತು. ಹಾಗೆ ಮಾತಾಡುವವರು ಭೂಮಿಯ ಮೇಲೆ ಒಬ್ಬರೇ.

“ಅಯ್ಯೋ!” ಮೂರನೆಯ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದಳು. “ಇದು ನನ್ನ ಮಾತಲ್ವಾ! ರೀ, ಇದು ನಾನು ಹೇಳಿದ್ದು ಕಣ್ರೀ!”

“ನಿನ್ನದೇ ಕಣೇ!” ಅಪ್ಪ ಎಲ್ಲರಿಗೂ ಕೇಳುವಂತೆ ಅಂದರು. “ಎಲ್ಲಾನೂ ನಿನ್ನದೇ. ನೀನು ಹೇಳಿದ್ದನ್ನ ನಾನು ಇಂಗ್ಲಿಷಿಗೆ ಹಾಕ್ದೆ, ಅಷ್ಟೇ.”

ಎಲ್ಲರೂ ಮೂರನೆಯ ಸಾಲಿನ ಕಡೆ ತಿರುಗಿದರು. ಮೈಕಿನ ಮುಂದೆ ನಿಂತವಳಿಗೆ ಈಗ ನಾಲಿಗೆ ಎದ್ದಿತು. 

“ಈ ಪುಸ್ತಕ ಬರೆದೋರು ನಮ್ಮಪ್ಪ. ಅಲ್ಲಿ ಕೋಟು ಹಾಕ್ಕೊಂಡು ಕೂತಿದಾರಲ್ಲ, ಅವರು. ಮಾತು ನಮ್ಮಮ್ಮನದು. ನಿಂತಿದಾರಲ್ಲ, ಅವರು. ಇಂಗ್ಲಿಷು ತಪ್ಪು, ಅದನ್ನ ನಾನೇ ನಿಮಗೆ ತರಗತೀಲಿ ಹೇಳ್ತೀನಿ, ಹೀಗೆ ಬರೆದ್ರೆ ಅಂಕನೂ ಕಳೀತೀನಿ. ಆದ್ರೆ ನನ್ನ ಹೊಟ್ಟೆಗೆ ಅನ್ನ ಹಾಕಿದ್ದು, ನನಗೆ ಈ ನೆಟ್ಟಗಿನ ಇಂಗ್ಲಿಷು ಕಲಿಸಿದ್ದು ಈ ಪುಸ್ತಕವೇ.” ಅಲ್ಲಿಂದ ಮುಂದೆ ಪ್ರತಿ ಪತ್ರವನ್ನೂ ಎರಡೆರಡು ಸಲ ಓದಿದಳು. ಮೊದಲು ಅಪ್ಪನ ಇಂಗ್ಲಿಷಿನಲ್ಲಿ, ಆಮೇಲೆ ಅಮ್ಮನ ಕನ್ನಡದಲ್ಲಿ. ಕೊಳೆತ ಈರುಳ್ಳಿಯ ಪತ್ರ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಅಮ್ಮ ಕೂತಲ್ಲಿಂದಲೇ ಅದನ್ನು ಹೇಳಿ ಮುಗಿಸಿದಳು. ಸಭೆ ನಕ್ಕ ನಗುವಿಗೆ ಚಾವಣಿಯ ಪಾರಿವಾಳಗಳು ಎದ್ದು ಹಾರಿದವು. ಮುಖ್ಯಸ್ಥರು ವೇದಿಕೆಯಿಂದ ಇಳಿದು ಬಂದು ಅಪ್ಪನ ಕೈ ಹಿಡಿದುಕೊಂಡು, ಏನು ಹೇಳಬೇಕೆಂದು ತೋಚದೆ, ಚಹಾ ತರಿಸಲೇ ಎಂದು ಕೇಳಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಮೂವರೂ ಹಿಂದಿನ ಸೀಟಿನಲ್ಲಿ ಒತ್ತಾಗಿ ಕೂತರು. “ಅಪ್ಪಾ, ಅದು ಸರಿಯಾದ ಇಂಗ್ಲಿಷಲ್ಲ ಅಂತ ನಿಮಗೆ ಗೊತ್ತಿತ್ತಾ?” ಎಂದು ಮಗಳು ಕೇಳಿದಳು.

“ಕುಂಟುತ್ತೆ ಅಂತ ಗೊತ್ತಿತ್ತು ಕಣೇ. ಅಷ್ಟೂ ತಿಳಿಯದವನಾ ನಾನು?” ಅಪ್ಪ ಕೋಟಿನ ಗುಂಡಿ ಬಿಚ್ಚಿ ಉಸಿರುಬಿಟ್ಟರು. “ಒಂದೆರಡು ಸಲ ತಿದ್ದಿ ನೋಡ್ದೆ. ತಿದ್ದಿದ್ರೆ ಇವಳು ಮಾಯವಾಗ್ತಿದ್ಳು. ಬಿಟ್ಟುಬಿಟ್ಟೆ. ಬೈದ್ರೆ ಎದುರಿನವನಿಗೆ ಸಿಟ್ಟು ಬರುತ್ತೆ, ಇವಳು ಬೈದ್ರೆ ನಗು ಬರುತ್ತೆ. ನಕ್ಕವನು ಕೆಲಸ ಮಾಡ್ಕೊಡ್ತಾನೆ. ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ.”

“ಸಾಕು, ಮುಚ್ಚಿ ಬಾಯಿ” ಎಂದಳು ಅಮ್ಮ. ಹೇಳುವಾಗ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. ಇಷ್ಟು ವರ್ಷ ಧೂಳು ಹೊಡೆಯಲಷ್ಟೇ ಮುಟ್ಟಿದ್ದ ಪುಸ್ತಕ ಈಗ ಅವಳ ಮಡಿಲಲ್ಲಿತ್ತು. ಮಗಳನ್ನು ಮೊಣಕೈಯಿಂದ ತಿವಿದು ಕೇಳಿದಳು. “ಆ ಹೂವಿಂದು ಇನ್ನೊಂದ್ಸಲ ಹೇಳು. ನಿಧಾನಕ್ಕೆ.”

ಮಗಳು ಹೇಳಿಕೊಟ್ಟಳು. ಅಮ್ಮ ತುಟಿಯಲ್ಲೇ ಅದನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿಕೊಂಡಳು.

ಅವರ ಬೀದಿಯ ತಿರುವು ಬಂದರೂ ಬಸ್ಸು ನಿಧಾನಿಸಲಿಲ್ಲ. ಅಪ್ಪ ಎದ್ದು ನಿಂತು, ಸ್ವಲ್ಪ ನಿಲ್ಸಪ್ಪ ಎಂದರು. ಕಂಡಕ್ಟರು ತಿರುಗಿಯೂ ನೋಡದೆ, “ಇಲ್ಲಿ ಸ್ಟಾಪ್ ಇಲ್ಲ ಯಜಮಾನ್ರೇ. ಮುಂದಿನದು ಹತ್ತಿರಾನೇ ಇದೆ, ಎರಡು ಹೆಜ್ಜೆ” ಎಂದ. ಆ ಎರಡು ಹೆಜ್ಜೆ ಎಂದರೆ ಸೇತುವೆ ದಾಟಿ ಮತ್ತೆ ಇಷ್ಟುದ್ದ ವಾಪಸು ನಡೆಯುವುದೆಂದು ಎಲ್ಲರಿಗೂ ಗೊತ್ತಿತ್ತು.

ಅಮ್ಮ ಎದ್ದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನೀಲಿ ಪುಸ್ತಕ. ಬೆನ್ನು ನೆಟ್ಟಗೆ ಮಾಡಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು.

“ಕೈಂಡ್ಲಿ. ಡು ನಾಟ್. ಕೀಪ್ ಫ್ಲವರ್. ಆನ್ ಅವರ್ ಇಯರ್.”

ಕಂಡಕ್ಟರು ತಿರುಗಿ ನೋಡಿದ. ಒಂದು ಕ್ಷಣ ಅವನ ಬಾಯಿ ತೆರೆದೇ ಇತ್ತು. ಆಮೇಲೆ ಅವನು ನಕ್ಕ ರಭಸಕ್ಕೆ ಟಿಕೆಟಿನ ಚೀಲ ಭುಜದಿಂದ ಜಾರಿತು. ನಗುತ್ತಲೇ ಸೀಟಿ ಊದಿದ. ಬಸ್ಸು ಕಿರ್ರೆಂದು ನಿಂತಿತು.

ಅಮ್ಮ ಎಲ್ಲರಿಗಿಂತ ಮೊದಲು ಇಳಿದು, ಪುಸ್ತಕವನ್ನು ಎದೆಗೊತ್ತಿಕೊಂಡು, ದೀಪ ಹತ್ತಿದ ಬೀದಿಯಲ್ಲಿ ನಡೆದಳು. ಮೇಷ್ಟ್ರು ಕೋಟನ್ನು ತೋಳ ಮೇಲೆ ಹಾಕಿಕೊಂಡು ಅವಳ ಹಿಂದೆಯೇ ಹೊರಟರು.